ಬ್ಯಾಸರಕ್ಕೆ ಮರಾಠಿಯಲ್ಲಿ ಏನಂತಾರೆ

ಶೇಂಗಾ ಹುರಿದು ಆರಲಿಕ್ಕೆ ಹಾಕಿದ್ದೆ. ಗ್ಯಾಲರಿಯಲ್ಲಿ ಕೂತು ಅಂಗೈಯಿಂದ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುತ್ತಿದ್ದೆ. ಮಳೆ ಹಿಡಿದು ಸುರಿಯುತ್ತಿತ್ತು. ಹಾರಿದ ಸಿಪ್ಪೆ ಹೊರಗೆ ಹೋಗದೆ ಒದ್ದೆ ಗಾಳಿಗೆ ತಿರುಗಿ ನನ್ನ ಮುಖಕ್ಕೇ ಬರುತ್ತಿತ್ತು. ಅಷ್ಟರಲ್ಲಿ ಮೈದುನ ಪ್ರಕಾಶ ಛತ್ರಿ ಮಡಚುತ್ತ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಬಿಡುವ ಮೊದಲೇ ಹೇಳಿದ: “ವೈನಿ, ಗದಗಕ್ಕ ಫೋನ್ ಮಾಡಿ ಬಂದೆ. ಮಾವನೋರು ಶುಕ್ರವಾರ ಬರ್ತಾರ. ಶಕ್ಕೂನ ಕರಕೊಂಡು ಹೋಗ್ತಾರ.”

“ಎಷ್ಟು ದಿವಸಕ್ಕ?” ಅಂದೆ.

ಅವನು ಛತ್ರಿ ಕೊಡವಿದ. ಚಪ್ಪಲಿ ಬಿಟ್ಟು ಒಳಗೆ ಹೋದ.

ಹಬ್ಬಕ್ಕೆ ತವರಿಗೆ ಕಳಿಸುವವರು ದಿನ ಹೇಳಿ ಕಳಿಸುತ್ತಾರೆ. ದಿನ ಹೇಳದೆ ಕಳಿಸಿದರೆ ಅದರ ಅರ್ಥ ಬೇರೆ. ನಮ್ಮ ಮನೆಗೆ ಇದ್ದದ್ದೇ ಎರಡು ಕೋಣೆ. ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಅವನ ಹೆಂಡತಿ ಶಕ್ಕುಗೆ ಎಲ್ಲ ಕೇಳಿಸಿತು. ಕೇಳಿಸಲಿ ಅಂತಲೇ ಹೇಳಿದ್ದನೋ ಏನೋ.

ಇದು ತೊಂಬತ್ತೇಳರ ಮಳೆಗಾಲದ ಮಾತು. ಹತ್ತು ವರ್ಷವಾಗುತ್ತ ಬಂತು. ಈಗ ನೆನಪಾಗಲಿಕ್ಕೆ ಕಾರಣ ಒಂದು ವಾಸನೆ. ಮೊನ್ನೆ ಬೆಳಿಗ್ಗೆ ದೇವಸ್ಥಾನಕ್ಕೆ ಹೋಗುವಾಗ, ಉದ್ಯಾನದ ಗೇಟಿನ ಹತ್ತಿರ ಒಬ್ಬ ಹಸಿರು ರಸದ ಗಾಡಿ ಹಚ್ಚಿದ್ದ. ಗೋಧಿ ಹುಲ್ಲಿನ ರಸ. ಸಕ್ಕರೆ ಕಾಯಿಲೆಯಿಂದ ಹಿಡಿದು ಹಳೇ ದಣಿವಿನವರೆಗೆ ಎಲ್ಲಾ ಗುಣವಾಗುತ್ತದೆ ಅಂತ ಬೋರ್ಡು ಬರೆಸಿದ್ದ. ಆ ಹಸಿ ಹುಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಸಿಟ್ಟು ಎದ್ದು ಕೂತಿತು. ದೇವರ ಮುಂದೆ ನಿಂತರೂ ಇಳಿಯಲಿಲ್ಲ. ವಿಠ್ಠಲಾ, ನೀನೇ ತಿಳಕೋ ಅಂತ ಕೈ ಮುಗಿದು ಬಂದೆ. ಬರೆದರಾದರೂ ಇಳಿದೀತು ಅಂತ ಬರೆಯುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು, ಹೊಟ್ಟೆಪಾಡಿಗೆ ಮರಾಠಿ ಸೀಮೆಗೆ ಬಂದವರು. ನಮ್ಮ ಮನೆಯವರು ಧಾನ್ಯದ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರು, ಬಿಬವೇವಾಡಿಯಲ್ಲಿ ಬಾಡಿಗೆ ಮನೆ, ಜೊತೆಗೆ ನಮ್ಮ ಅತ್ತೆಯವರು. ಪ್ರಕಾಶನಿಗೆ ದೇಹೂ ರೋಡಿನ ಮಿಲಿಟರಿ ಡೆಪೊದಲ್ಲಿ ಕಾರಕೂನಿ ಕೆಲಸ, ಅಲ್ಲೇ ಕ್ವಾರ್ಟರ್ಸು. ಹಿಂದಿನ ವರ್ಷವಷ್ಟೇ ಅವನ ಮದುವೆಯಾಗಿತ್ತು. ಅವನ ಹೆಂಡತಿ ಶಕುಂತಲಾ, ಅಂದರೆ ನನ್ನ ನೆಗೆಣ್ಣಿ ಶಕ್ಕು, ಗದಗಿನ ಹುಡುಗಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ರೊಟ್ಟಿ ಬಡಿಯಲಿಕ್ಕೆ ಕೂತರೆ ಬೇಯಿಸುವವರ ಕೈ ಸೋಲಬೇಕು. ಮರಾಠಿ ಮಾತ್ರ ಒಂದಕ್ಷರ ಬರುತ್ತಿರಲಿಲ್ಲ. ಕಾಯಿಪಲ್ಯೆ ಮಾರುವವರ ಹತ್ತಿರ ಬೆರಳಿನಲ್ಲೇ ಜಗಳ ಮಾಡಿ ಬರುತ್ತಿದ್ದಳು.

ಅವರ ಕ್ವಾರ್ಟರ್ಸಿನ ಹಿಂದೆ ಸೊಂಟದ ಮಟ್ಟ ಹುಲ್ಲು. ಅಲ್ಲಿ ಒಂದು ಬೀದಿನಾಯಿ ಮರಿ ಹಾಕಿತ್ತು. ಶಕ್ಕು ಅದಕ್ಕೆ ರೊಟ್ಟಿ ಹಾಕಿ, ಮೈಮೇಲಿನ ಉಣ್ಣಿ ಕೀಳುತ್ತ ಕೂಡುತ್ತಿದ್ದಳು. ಸಂಕ್ರಾಂತಿ ಮುಗಿದ ಮೇಲೆ ಅವಳ ತೊಡೆಯ ಹಿಂದೆ ಬಳೆ ಒತ್ತಿದ ಹಾಗೆ ದುಂಡಗೆ ಕೆಂಪಗಾಯಿತಂತೆ. ಗಜಕರ್ಣ ಅಂದುಕೊಂಡು, ನಾಚಿಕೆಗೆ ಯಾರಿಗೂ ಹೇಳದೆ ಗಂಧ ತೇಯ್ದು ಹಚ್ಚಿದಳಂತೆ. ಅದು ಮಾಯವಾಯಿತು, ಜ್ವರ ಬಂತು. ಜ್ವರ ಹೋಯಿತು, ಅದರ ಜೊತೆಗೆ ಅವಳ ಕಸುವೂ ಹೋಯಿತು. ಹೋದದ್ದು ತಿರುಗಿ ಬರಲಿಲ್ಲ.

ಮಿರಗದ ಮಳೆ ಸುರುವಾಗುವ ಹೊತ್ತಿಗೆ ಪ್ರಕಾಶ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟ. ನನಗೆ ಗುರುತು ಹತ್ತಲಿಲ್ಲ. ತಲೆ ಬಾಚಲಿಕ್ಕೆ ಕೂತರೆ ಅರ್ಧ ಬಾಚಿ ಕೈ ಕೆಳಗೆ ಇಳಿಸುತ್ತಿದ್ದಳು. ಸ್ನಾನ ಮಾಡಿ ಬಂದರೆ ಬೆಟ್ಟ ಹತ್ತಿ ಬಂದವರ ಹಾಗೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಮೊಣಕಾಲು, ಮಣಿಕಟ್ಟು ನೋಯುತ್ತಿದ್ದವು. ರಾತ್ರಿಯೆಲ್ಲಾ ನಿದ್ದೆ ಮಾಡಿಯೂ ನಿದ್ದೆಗೆಟ್ಟವಳ ಹಾಗೆ ಏಳುತ್ತಿದ್ದಳು. ಏನಾಗ್ತದವ್ವಾ ಅಂತ ಕೇಳಿದರೆ ಒಂದೇ ಮಾತು: “ಬ್ಯಾಸರ, ಅಕ್ಕಾ. ಮೈಯೆಲ್ಲಾ ಬ್ಯಾಸರ.”

ನಮ್ಮ ಅತ್ತೆ ಕೆಟ್ಟವರಲ್ಲ. ಆದರೆ ಅವರು ಹೆತ್ತ ಮರುವಾರವೇ ಕೊಡ ಹೊತ್ತವರು. ಅವರ ಲೆಕ್ಕದಲ್ಲಿ ಜ್ವರ ಕೈಗೆ ಹತ್ತಬೇಕು, ಗಾಯ ಕಣ್ಣಿಗೆ ಕಾಣಬೇಕು. ಎರಡೂ ಇಲ್ಲದಿದ್ದರೆ ಅದಕ್ಕೆ ಅವರ ಹತ್ತಿರ ಒಂದೇ ಹೆಸರಿತ್ತು. ನನಗೂ ಬ್ಯಾಸರ ಬರ್ತದ, ನಾ ಏನು ಹಾಸಿಗಿ ಹಾಸಿಕೊಂಡೇನೇನು ಅಂತ ಶುರುವಾಗಿ, ವಾರದೊಳಗೆ ಆ ಹೆಸರಿಗೆ ಬಂದು ನಿಂತಿತು: ಮೈಗಳ್ಳಿ. ಮೈ ಕದಿಯುವವಳು. ಬಂದವರ ಮುಂದೆಲ್ಲಾ ಅದೇ. ಕದಿಯಲಿಕ್ಕೆ ಅವಳ ಹತ್ತಿರ ಮೈ ಎಲ್ಲಿತ್ತು?

ದೇಹೂ ರೋಡಿನಲ್ಲೇ ಪ್ರಕಾಶ ಅವಳನ್ನು ಒಬ್ಬ ಡಾಕ್ಟರಿಗೆ ತೋರಿಸಿದ್ದ. ಅವರು ಏನೂ ರೋಗವಿಲ್ಲ, ಮನಸ್ಸಿಗೆ ಹತ್ತಿದ್ದು, ಸಿನಿಮಾಕ್ಕೆ ಕರಕೊಂಡು ಹೋಗಿ, ಹೊಲಿಗೆ ಕ್ಲಾಸಿಗೆ ಹಾಕಿ, ಆದಷ್ಟು ಬೇಗ ಒಂದು ಮಗು ಆಗಲಿ ಅಂದಿದ್ದರಂತೆ. ಟಾನಿಕ್ಕಿನ ಬಾಟ್ಲಿ ಒಂದು. ಡಾಕ್ಟರೇ ರೋಗ ಇಲ್ಲ ಅಂದ ಮೇಲೆ ಮೈಗಳ್ಳತನಕ್ಕೆ ಸರಕಾರದ ಶಿಕ್ಕಾ ಬಿದ್ದ ಹಾಗಾಯಿತು.

ಡಾಕ್ಟರು ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ. ಆ ಮಳೆಗಾಲ ನಮ್ಮ ಮನೆಗೆ ಬಂದಷ್ಟು ವೈದ್ಯ ಯಾವ ಅರಮನೆಗೂ ಬಂದಿರಲಿಕ್ಕಿಲ್ಲ. ಒಬ್ಬರು ಅಮೃತಬಳ್ಳಿ ಕಷಾಯ ಹೇಳಿದರು, ಕುದಿಸಿ ಕೊಟ್ಟೆ. ಒಬ್ಬರು ಸಣ್ಣ ಬಿಳೀ ಗುಳಿಗೆ ಕೊಟ್ಟು ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟಬಾರದು ಅಂದರು. ಉಳ್ಳಾಗಡ್ಡಿ ಇಲ್ಲದೆ ನಮ್ಮ ಮಂದಿ ಹೇಗೆ ಉಣ್ಣಬೇಕು, ಆದರೂ ಮನೆ ಮಂದಿಯೆಲ್ಲಾ ಬಿಟ್ಟೆವು. ಒಬ್ಬರು ಅಯಸ್ಕಾಂತದ ಪಟ್ಟಿ ತಂದು ಸೊಂಟಕ್ಕೆ ಕಟ್ಟಿಸಿದರು. ಶಕ್ಕು ಏಳಲಿಲ್ಲ, ಪಟ್ಟಿಯ ಪಕ್ಕದಲ್ಲಿಟ್ಟ ನಮ್ಮ ಮನೆಯವರ ವಾಚು ಮಾತ್ರ ಮಲಗಿಬಿಟ್ಟಿತು. ಇನ್ನೊಬ್ಬ ಹಿರಿಯರು ಹೇಳಿದ್ದನ್ನು ಪೂರ್ತಿ ಬರೆಯಲಾರೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ಕೈಯಲ್ಲಿ ಲೋಟ ಒಯ್ಯಬೇಕಂತೆ. ಅವರಿಗೆ ಚಹಾ ಕೂಡ ಕೊಡದೆ ಕಳಿಸಿದೆ.

ಆಮೇಲೆ ಗೋಧಿ ಹುಲ್ಲು. ತಗಡಿನ ತಾಟುಗಳಲ್ಲಿ ಮಣ್ಣು ಹಾಕಿ, ಗೋಧಿ ಬಿತ್ತಿ, ಗ್ಯಾಲರಿಯ ತುಂಬ ಸಾಲಾಗಿ ಇಟ್ಟೆ. ಕತ್ತರಿಯಿಂದ ಕತ್ತರಿಸಿ, ಒರಳಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ ಕೊಡುವುದು. ನಮ್ಮ ಮನೆಯವರು ಒಂದು ದಿನ ಅಂಗಡಿಯಿಂದ ಬಂದವರು ಗ್ಯಾಲರಿ ನೋಡಿ, ಮೇವು ತಯಾರಾತು, ಆಕಳ ಯಾವಾಗ ಬರ್ತದ ಅಂದರು. ಶಕ್ಕು ಎಷ್ಟೋ ದಿನದ ಮೇಲೆ ನಕ್ಕಳು. ಆ ನಗುವಿಗೆ ನಾನು ದೇವರಿಗೆ ಒಂದು ಹೆಚ್ಚಿನ ದೀಪ ಹಚ್ಚಿದೆ. ಆ ರಸದಿಂದ ಆದ ಉಪಕಾರ ಅಷ್ಟೇ.

ನಾನೇನು ಗಿಡಮೂಲಿಕೆಯ ವೈರಿಯಲ್ಲ. ನನ್ನ ಮಕ್ಕಳ ಕೆಮ್ಮಿಗೆ ಇವತ್ತಿಗೂ ತುಳಸಿ, ಮೆಣಸು, ಜೇನೇ. ಬಿಸಿ ಎಳ್ಳೆಣ್ಣೆ ಹಚ್ಚಿ ಮೈ ತಿಕ್ಕಿದ ದಿನ ಶಕ್ಕು ನರಳದೆ ಮಲಗುತ್ತಿದ್ದಳು, ತೆಳ್ಳಗೆ ಗಂಜಿ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುತ್ತಿತ್ತು. ನನ್ನ ಸಿಟ್ಟು ಕಷಾಯದ ಮೇಲಲ್ಲ, ಕಷಾಯ ಕೊಟ್ಟವರ ಬಾಯಿಯ ಮೇಲೆ. ಗುಣವಾದರೆ ಅವರ ಕೈಗುಣ, ಆಗದಿದ್ದರೆ ಇವಳ ಕರ್ಮ. ನಂಬಿಕೆ ಸಾಲದು ಅಂದರು ಒಬ್ಬರು. ಪಥ್ಯ ಮುರಿದಿರಬೇಕು ಅಂದರು ಇನ್ನೊಬ್ಬರು. ಗುಣವಾಗುವ ಮನಸ್ಸೇ ಇಲ್ಲ ಅಂದರು ಮತ್ತೊಬ್ಬರು. ಹಾಸಿಗೆಯಲ್ಲಿದ್ದವಳ ಮೇಲೆ ಇಷ್ಟೆಲ್ಲಾ ಹೇರಿ ಎದ್ದು ಹೋಗಲಿಕ್ಕೆ ಇವರಿಗೆ ಯಾರು ಹೇಳಿದ್ದರು?

ಎಲ್ಲರಿಗಿಂತ ದೊಡ್ಡವರು ಹಡಪಸರದ ಆಚೆ ನಿಸರ್ಗ ಚಿಕಿತ್ಸೆಯ ಆಶ್ರಮ ಮಾಡಿಕೊಂಡಿದ್ದ ಗುರೂಜಿ. ಬಿಳೀ ಪಂಚೆ, ಹಣೆಗೆ ಗಂಧ, ಮಾತು ಮಾತಿಗೆ ದೇವರ ಹೆಸರು. ಪ್ರಕಾಶ ಅವಳನ್ನು ಅಲ್ಲಿ ಬಿಟ್ಟು ಬಂದ. ಭಾನುವಾರ ನಾನು ನೋಡಲಿಕ್ಕೆ ಹೋದೆ. ಜಿಟಿಜಿಟಿ ಮಳೆಯಲ್ಲಿ ಶಕ್ಕು ತೋಟದಲ್ಲಿ ಕೂತು ಕಸ ಕೀಳುತ್ತಿದ್ದಳು. ಕೀಳುತ್ತಿದ್ದಳು ಅನ್ನುವುದೂ ತಪ್ಪು, ಹುಲ್ಲು ಹಿಡಿದುಕೊಂಡು ಕೂತಿದ್ದಳು ಅಷ್ಟೇ. ಹೋದ ದಿನದಿಂದ ಬೂದುಗುಂಬಳದ ರಸ ಬಿಟ್ಟು ಹೊಟ್ಟೆಗೆ ಏನೂ ಹಾಕಿರಲಿಲ್ಲ. ಬೆಳಿಗ್ಗೆ ತಣ್ಣೀರಿನ ತೊಟ್ಟಿಯಲ್ಲಿ ಕೂಡಿಸುತ್ತಿದ್ದರು. ನನ್ನನ್ನು ನೋಡಿ ಏಳಲು ಹೋದವಳು ಅಲ್ಲೇ ಕೆಸರಲ್ಲಿ ಕುಸಿದಳು.

ಗುರೂಜಿ ಬಂದರು. ಇವಳಿಗೆ ರೋಗವಿಲ್ಲ, ಆಳಸ ಇದೆ, ಸೋಮಾರಿತನ. ಉಪವಾಸ ಮತ್ತು ಶ್ರಮ ಎರಡರಿಂದ ಅದು ಬೆವರಿನಲ್ಲಿ ಇಳಿದು ಹೋಗುತ್ತದೆ, ದೇವರೇ ಹೇಳಿದ ಮದ್ದು ಅಂತ ಎಲ್ಲರೆದುರು ಮರಾಠಿಯಲ್ಲಿ ಹೇಳಿದರು. ನಾನು ತಿಳುವಳಿಕೆ ಬಂದಾಗಿನಿಂದ ಏಕಾದಶಿ ತಪ್ಪಿಸಿದವಳಲ್ಲ. ಉಪವಾಸ ಏನು ಅಂತ ನನಗೆ ಗೊತ್ತು. ದೇವರಿಗಾಗಿ ನಾನು ನನ್ನ ತುತ್ತು ಬಿಡುವುದು ಉಪವಾಸ. ಏಳಲಾರದವಳ ತುತ್ತನ್ನು ಇನ್ನೊಬ್ಬರು ಕಸಿದರೆ ಅದಕ್ಕೆ ಬೇರೆ ಹೆಸರಿದೆ. ದೇವರ ಹೆಸರು ಅದಕ್ಕೆ ಹಚ್ಚಬಾರದು.

ಅವಳ ಚೀಲ ತಗೊಂಡು ರಿಕ್ಷಾ ಕರೆಸಿದೆ. ನಡುವೆ ಕರಕೊಂಡು ಹೋದರೆ ಪಾಪ ನಿಮ್ಮ ತಲೆ ಮೇಲೆ ಅಂದರು ಗುರೂಜಿ. ಸಿಟ್ಟು ಬಂದಾಗ ನನಗೆ ಮರಾಠಿ ಮರೆತು ಹೋಗುತ್ತದೆ. “ಪಾಪ ನನ್ನ ತಲೀ ಮ್ಯಾಲ ಇರಲ್ರಿ,” ಅಂದೆ, “ಹುಡುಗಿ ನನ್ನ ತೊಡೀ ಮ್ಯಾಲ ಇರಲಿ.” ಅವರಿಗೆ ಎಷ್ಟು ತಿಳಿಯಿತೋ. ರಿಕ್ಷಾದವನು ಮಾತ್ರ ಏನೂ ಕೇಳದೆ, ಗುಂಡಿ ತಪ್ಪಿಸಿ ತಪ್ಪಿಸಿ ಮೆಲ್ಲಗೆ ಓಡಿಸಿದ. ಅವನನ್ನು ದೇವರು ಚೆನ್ನಾಗಿಟ್ಟಿರಲಿ.

ಈ ಗಲಾಟೆಯ ಮೇಲೆಯೇ ಗದಗಕ್ಕೆ ಫೋನ್ ಹೋದದ್ದು. ಆಶ್ರಮದಲ್ಲೂ ನಿಲ್ಲಲಿಲ್ಲ ಅಂದಮೇಲೆ ಇವಳು ಬಾಳ್ವೆ ಮಾಡುವವಳಲ್ಲ ಅಂತ ಅತ್ತೆ ತೀರ್ಮಾನ ಮಾಡಿದರು. ಪ್ರಕಾಶ ಅವ್ವನ ಮಾತು ಮೀರುವವನಲ್ಲ. ಶುಕ್ರವಾರ ಬೀಗರು ಬರುವುದು, ಶಕ್ಕು ಹೋಗುವುದು. ಹೋದರೆ ಗದಗಿನ ಓಣಿಯಲ್ಲಿ ಮೈಗಳ್ಳಿಯಾಗಿ, ಗಂಡ ಬಿಟ್ಟವಳಾಗಿ ಬದುಕಬೇಕು. ಅವಳ ಹಿಂದೆ ಮದುವೆಗೆ ಬಂದ ತಂಗಿಯಂದಿರಿದ್ದರು.

ಆ ಸುದ್ದಿ ಬಂದ ಮರುದಿನ ಎದುರುಮನೆಯ ಶಿಂದೆ ಕಾಕೂನ ಮೊಮ್ಮಗಳು ನಮ್ಮ ಗ್ಯಾಲರಿಗೆ ಬಂದಳು. ಮಳೆ ಅಂತ ಶಾಲೆಗೆ ಸೂಟಿ ಕೊಟ್ಟಿದ್ದರು. ಕಂಬ ಹಿಡಿದು ಗಿರಗಿರ ತಿರುಗಿದಳು, ಒಂಟಿಕಾಲಲ್ಲಿ ಕುಣಿದಳು, ಕಟ್ಟೆ ಹತ್ತಿ ಜಿಗಿದಳು, ಆಮೇಲೆ ಧಪ್ಪಂತ ಕೂತು ರಾಗ ತೆಗೆದಳು: “ಕಾಕೂ, ಮಲಾ ಕಂಟಾಳಾ ಆಲಾ.” ನನಗೆ ಬ್ಯಾಸರ ಬಂತು ಅಂತ.

ನನ್ನ ಕೈಯಲ್ಲಿನ ಒದ್ದೆ ಬಟ್ಟೆ ಹಾಗೇ ನಿಂತಿತು. ಇದು ಬ್ಯಾಸರವೇ? ಹೌದು, ಬ್ಯಾಸರಕ್ಕೆ ಮರಾಠಿಯಲ್ಲಿ ಕಂಟಾಳಾ ಅಂತಲೇ ಅನ್ನುತ್ತಾರೆ. ಆದರೆ ನಮ್ಮ ಕಡೆ ಹೊಲದಿಂದ ಬಂದವನೂ ಬ್ಯಾಸರಾತು ಅನ್ನುತ್ತಾನೆ, ಜ್ವರದಿಂದ ಎದ್ದವಳೂ ಬ್ಯಾಸರಾತು ಅನ್ನುತ್ತಾಳೆ. ಮರಾಠಿಯ ಕಂಟಾಳಾ ಅದಲ್ಲ. ಅದು ಈ ಹುಡುಗಿಯದು: ಮೈತುಂಬ ಕಸುವಿದೆ, ಮಾಡಲಿಕ್ಕೆ ಕೆಲಸವಿಲ್ಲ. ಶಕ್ಕೂದು ಅದರ ಉಲ್ಟಾ: ಮಾಡುವ ಕೆಲಸ ಕಣ್ಣ ಮುಂದೆ ಬಿದ್ದಿದೆ, ಮೈಯಲ್ಲಿ ಕಸುವಿಲ್ಲ.

ಸಂಜೆ ಡೆಪೊದಿಂದ ಬಂದು ಪ್ರಕಾಶ ಚಹಾ ಕುಡಿಯುತ್ತಿದ್ದ. ಕೇಳಿದೆ: “ಆ ಡಾಕ್ಟರ್ ಮುಂದ ನೀ ಏನಂತ ಹೇಳಿದಿ?”

“ಆಕಿ ಏನಂದ್ಳೋ ಅದನ್ನ ಹೇಳಿದೆ, ವೈನಿ. ಬ್ಯಾಸರ ಅಂದ್ಳು. ತಿಲಾ ಕಂಟಾಳಾ ಯೇತೊ ಅಂದೆ.”

ನೋಡಿ. ಮದುವೆಯಾಗಿ ಒಂದು ವರ್ಷದ ಹುಡುಗಿ ಗಂಡನ ಮನೆಯಲ್ಲಿ ಬೇಜಾರು ಅಂತಾಳೆ ಅಂತ ಗಂಡನೇ ಬಂದು ಹೇಳಿದರೆ ಯಾವ ಡಾಕ್ಟರಾದರೂ ಸಿನಿಮಾ ತೋರಿಸು ಅನ್ನದೆ ಇನ್ನೇನು ಅಂದಾರು? ಕಷಾಯ, ಪಟ್ಟಿ, ಹುಲ್ಲು, ತೊಟ್ಟಿ, ಮೈಗಳ್ಳಿ, ಎಲ್ಲಾ ಆ ಒಂದು ಶಬ್ದದ ಬೆನ್ನು ಹತ್ತಿ ಬಂದವು. ಆದರೆ ಆ ಡಾಕ್ಟರನ್ನೂ ನಾನು ಸುಮ್ಮನೆ ಬಿಡುವುದಿಲ್ಲ. ಎದುರಿಗೆ ಕೂತವಳ ಕಡೆ ಒಮ್ಮೆ ತಿರುಗಿ ನೋಡಿದ್ದರೆ ಯಾವ ಭಾಷೆಯೂ ಬೇಕಾಗಿರಲಿಲ್ಲ.

ಬುಧವಾರ ಪ್ರಕಾಶನಿಗೆ ರಜಾ ಹಾಕಿಸಿದೆ. ಶಿಂದೆ ಕಾಕು ಹೇಳಿದ ದೊಡ್ಡ ಆಸ್ಪತ್ರೆಗೆ ಶಕ್ಕೂನ ಕರಕೊಂಡು ಹೊರಟೆವು. ನೀನೂ ಬಾ, ಆದರೆ ಬಾಯಿ ತೆಗೀಬ್ಯಾಡ ಅಂತ ಅವನಿಗೆ ಮೊದಲೇ ಹೇಳಿದ್ದೆ. ಸಾಲಿನಲ್ಲಿ ಕೂತು ಕೂತು ನಮ್ಮ ಪಾಳಿ ಬಂತು. ಒಳಗೆ ನಡುವಯಸ್ಸಿನ ಹೆಣ್ಣುಮಗಳು ಡಾಕ್ಟರು. ಏನಾಗುತ್ತದೆ ಅಂತ ಕೇಳಿದರು.

“ಕಂಟಾಳಾ ನಾಹಿ, ಡಾಕ್ಟರ್,” ಅಂದೆ. “ಥಕವಾ.” ಬೇಜಾರಲ್ಲ, ದಣಿವು.

ಅವರು ಶಕ್ಕುವಿನ ಕಡೆ ತಿರುಗಿದರು. ಮಲಗಿ ಎದ್ದರೆ ದಣಿವು ಹೋಗುತ್ತದೆಯೇ? ಇಲ್ಲ. ಒಂದು ದಿನ ಕೆಲಸ ಮಾಡಿದರೆ ಮರುದಿನ ಹೆಚ್ಚಾಗುತ್ತದೆಯೇ? ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಶಕ್ಕು ಅಳಲಿಕ್ಕೆ ಶುರು ಮಾಡಿದಳು. ಯಾರೂ ಕೇಳದ ಪ್ರಶ್ನೆ ಅದು. ಹುಳ ಕಚ್ಚಿತ್ತೇ ಅಂತ ಕೇಳಿದಾಗ ಉಣ್ಣಿಯ ವಿಷಯ, ಬಳೆಯಂಥ ಕೆಂಪಿನ ವಿಷಯ ಹೊರಗೆ ಬಂತು. ಅವತ್ತೇ ಮೊದಲು ಪ್ರಕಾಶನಿಗೂ ತಿಳಿದದ್ದು.

ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ. ಅದೇ ನನಗೆ ಹಿಡಿಸಿತು. ಉಣ್ಣಿಯಿಂದ ಬರುವ ಲೈಮ್ ಅನ್ನುವ ಒಂದು ಜಡ್ಡು ಹೊರದೇಶಗಳಲ್ಲಿದೆ, ನಮ್ಮಲ್ಲಿ ಅಪರೂಪ, ಇದು ಅದೇ ಹೌದೋ ಅಲ್ಲವೋ ಈಗ ಖಾತ್ರಿಯಾಗಿ ಹೇಳಲಾರೆ ಅಂದರು. ಜ್ವರದ ನಂತರ ಹೀಗೆ ದಣಿವು ಉಳಿದುಬಿಡುವುದು ಉಂಟು, ಅದು ನಿಜವಾದ ಜಡ್ಡು, ನಾಟಕವಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ಮೈಯಲ್ಲಿ ರಕ್ತ ಕಡಿಮೆ ಇತ್ತು, ಅದಕ್ಕೆ ಮತ್ತು ನೋವಿಗೆ ಔಷಧ ಬರೆದರು. ಉಪವಾಸದ ಮಾತು ಕೇಳಿ ಹಣೆ ಗಂಟು ಹಾಕಿದರು. ಕೊನೆಗೆ ಹೇಳಿದ್ದು ನನ್ನ ಮನಸ್ಸಿನಲ್ಲಿ ಕೂತಿದೆ: ದಣಿದ ಮೇಲೆ ಅಲ್ಲ, ದಣಿಯುವ ಮೊದಲೇ ಕೂತುಕೊಳ್ಳಿ.

ಮಂತ್ರ ಹಾಕಿದ ಹಾಗೆ ಗುಣವಾಗಲಿಲ್ಲ. ಅರ್ಧ ತಲೆ ಬಾಚುವುದು ಪೂರ್ತಿ ತಲೆ ಬಾಚುವುದಾಗಲಿಕ್ಕೆ ಮುಂದಿನ ಸಂಕ್ರಾಂತಿ ಬಂತು. ಇವತ್ತಿಗೂ ಒಂದು ದಿನ ಹೆಚ್ಚು ಮಾಡಿದರೆ ಮರುದಿನ ಶಕ್ಕು ನೆಲ ಹಿಡಿಯುತ್ತಾಳೆ. ಆದರೆ ಅವತ್ತು ರಿಕ್ಷಾದಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟು, ಅಕ್ಕಾ, ನನಗ ಖರೇನ ಜಡ್ಡು ಅದ ಅಂತ, ಹೊಸ ಸೀರೆ ಬಂದವರ ಹಾಗೆ ಹೇಳಿದಳು. ಜಡ್ಡು ಅಂತ ತಿಳಿದು ಸಂತೋಷಪಡುವ ಸ್ಥಿತಿಗೆ ಒಂದು ಹುಡುಗಿಯನ್ನು ತಂದಿಟ್ಟಿದ್ದೆವಲ್ಲ ನಾವೆಲ್ಲಾ ಸೇರಿ. ಮನೆಗೆ ಬಂದು ಪ್ರಕಾಶ ಜಡ್ಡಿನ ಹೆಸರು ಹೇಳಿದಾಗ ನಮ್ಮ ಮನೆಯವರು, ಲೈಮ್ ಅಂದ್ರ ಲಿಂಬಿಹಣ್ಣಲ್ಲೇನು, ಹಂಗಾದ್ರ ಔಷಧ ಉಪ್ಪಿನಕಾಯೇನು ಅಂದರು. ಅತ್ತೆ ನಗಲಿಲ್ಲ. ಹೆಸರಿದ್ದರೇನು, ಬೀಗರು ಹೊರಟಾಗಿದೆ ಅಂದರು.

ಶುಕ್ರವಾರ ಮಧ್ಯಾಹ್ನ ಬೀಗರು ಬಂದರು. ಗದಗಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡ ಮೆತ್ತಗಿನ ಮನುಷ್ಯ. ಮಗಳ ಅರಿವೆ ತುಂಬಲಿಕ್ಕೆ ಖಾಲಿ ಚೀಲವೊಂದನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡಿದ್ದರು. ನೀರು ಕೊಟ್ಟರೆ ಕುಡಿಯಲಿಲ್ಲ, ತಪ್ಪು ಮಾಡಿದವರ ಹಾಗೆ ಕುರ್ಚಿಯ ತುದಿಗೆ ಕೂತರು.

ನಾವೇನು ಬೈದಿಲ್ಲ, ಬಡಿದಿಲ್ಲ, ದುಡಿಯುವ ಮೈ ಅಲ್ಲ ಆಕೀದು ಅಂತ ಅತ್ತೆ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ ಡಾಕ್ಟರು ಹೇಳಿದ್ದನ್ನೆಲ್ಲಾ ಹೇಳಿದೆ. ಸೊಸೆಯಾಗಿ ಬಂದ ಮೇಲೆ ಬೀಗರೆದುರು ಅತ್ತೆಯ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. ಪ್ರಕಾಶ ನೆಲ ನೋಡುತ್ತ, ವೈನಿ ಹೇಳೂದು ಖರೆ ಅದ ಅಂದ. ಅಷ್ಟಾದರೂ ಅಂದ. ಬೀಗರಿಗೆ ಯಾರ ಮಾತು ಹಿಡಿಯಬೇಕೋ ತಿಳಿಯಲಿಲ್ಲ. ನಡಿಯವ್ವಾ, ಮನಿಗೆ ಹೋಗೂಣು ಅಂತ ಮಗಳನ್ನು ಕರೆದರು.

ಶಕ್ಕು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ದನಿ ಸಣ್ಣಗಿತ್ತು, ನಡುಗಲಿಲ್ಲ.

“ಬರ್ತೀನಪ್ಪಾ. ಜಡ್ಡಿನಾಕಿ ಅಂತ ಕಳಿಸಿದ್ರ ಈಗ ಬರ್ತೀನಿ. ಮೈಗಳ್ಳಿ ಅಂತ ಕಳಿಸಿದ್ರ ಈ ಹೊಸ್ತಿಲಾ ದಾಟಂಗಿಲ್ಲ. ಅತ್ಯಾ, ಯಾವುದು ಅಂತ ನೀವ ಹೇಳ್ರಿ.”

ಅತ್ತೆ ಸೆರಗು ಸರಿ ಮಾಡಿಕೊಂಡರು, ದೇವರ ಜಗಲಿಯ ಕಡೆ ನೋಡಿದರು, ಮಗನ ಕಡೆ ನೋಡಿದರು. ದೇವರೆದುರು ಸುಳ್ಳು ಹೇಳುವವರಲ್ಲ ಅವರು, ಅದೊಂದು ಅವರ ಗುಣ. ಸೋತೆ ಅನ್ನುವವರೂ ಅಲ್ಲ.

“ಜಡ್ಡು ಇದ್ದೀತು,” ಅಂದರು ಬೀಗರಿಗೆ, ಶಕ್ಕುವಿನ ಕಡೆ ತಿರುಗದೆ. “ಜಡ್ಡಾದಾಕಿನ್ನ ಮಳ್ಯಾಗ ಬಸ್ಸು ಹತ್ತಿಸೂ ಪದ್ಧತಿ ನಮ್ಮ ಮನ್ಯಾಗಿಲ್ಲ. ಆರಾಮಾಗಲಿ, ಪಂಚಮಿಗೆ ಕಳಿಸ್ತೀವಿ.”

ಪಂಚಮಿಗೆ. ಹಬ್ಬಕ್ಕೆ ಕಳಿಸುವವರ ಹಾಗೆ ದಿನ ಹೇಳಿದರು.

ಬೀಗರು ಅದೇ ಖಾಲಿ ಚೀಲದಿಂದ ಮುಖ ಒರೆಸಿಕೊಂಡರು. ಶಕ್ಕು ಹೋಗಿ ಮಲಗಿದಳು. ಈ ಸಲ ಗೋಡೆಯ ಕಡೆ ಅಲ್ಲ, ನಮ್ಮ ಕಡೆ ಮುಖ ಮಾಡಿ. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ, ಇವತ್ತಿನ ತನಕ ಅಂದಿಲ್ಲ. ಸಿಕ್ಕಷ್ಟಕ್ಕೆ ವಿಠ್ಠಲನಿಗೆ ಕೈ ಮುಗಿದೆ. ಸಿಟ್ಟು ಮಾತ್ರ ಹಾಗೇ ಉಳಿಯಿತು.

ಬೀಗರು ರಾತ್ರಿಯಿಂದ ಉಂಡಿರಲಿಲ್ಲ. ಒಳಗೆ ಹೋಗಿ ಎಸರಿಟ್ಟು, ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿಯಲಿಕ್ಕೆ ಕೂತೆ. ಅವತ್ತಿನ ಬಡಿತ ಕೆಳಗಿನ ಮನೆಯವರಿಗೂ ಕೇಳಿರಬೇಕು.